ನುಂಗುವ ಮುನ್ನ

ಜನವರಿ ೫, ಭಾನುವಾರ

ಹುಬ್ಬಳ್ಳಿಯ ಆಸ್ಪತ್ರೆಯಿಂದ ಹಾವೇರಿಗೆ ಬಂದು ಮೂರು ದಿನವಾಯಿತು. ಏನು ಕುಡಿದೆ, ಕುಡಿದದ್ದು ಒಳಗೆ ಹೇಗೆ ಇಳಿಯಿತು ಎಂದು ದಿನವೂ ಬರೆದು ಫೋಟೊ ಕಳಿಸಬೇಕೆಂದು ದೀಪಾಲಿ ಮೇಡಂ ಹೇಳಿದ್ದಾರೆ. ಆಪರೇಷನ್ ಆದವರ ಊಟ ನೋಡಿಕೊಳ್ಳುವವರು ಅವರು. ಅದನ್ನು ಬೇರೆ ಹಾಳೆಯಲ್ಲಿ ಬರೆದು ಕಳಿಸುತ್ತಿದ್ದೇನೆ. ಇಲ್ಲಿ ಬರೆಯುವುದು ಅವರಿಗೂ ಮನೆಯವರಿಗೂ ಹೇಳಲಾಗದ್ದು.

ನನಗೆ ವಿಪರೀತ ಅಂಜಿಕೆಯಾಗುತ್ತಿದೆ. ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದಿದ್ದಾರೆ. ಉಳಿದದ್ದು ಬಾಳೆಹಣ್ಣಿನ ಆಕಾರದ ಸಣ್ಣ ಚೀಲ, ಅದರ ಉದ್ದಕ್ಕೂ ಹೊಲಿಗೆ. ಕೆಮ್ಮು ಬಂದರೆ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತೇನೆ. ನಿನ್ನೆ ಬೇಳೆಕಟ್ಟು ಕುಡಿದಾಗ ಒಳಗೆ ಗುಳುಗುಳು ಸದ್ದಾಯಿತು. ಹೊಲಿಗೆ ಬಿಚ್ಚಿತೆಂದು ಬೆವತೆ. ಏನೂ ಆಗಿರಲಿಲ್ಲ.

ತೂಕ ಇಳಿಸಲೆಂದು ಬೇಕೆಂದೇ ಮಾಡಿಸಿಕೊಂಡದ್ದು. ಕೋರ್ಟಿನ ಮೆಟ್ಟಿಲು ಹತ್ತಿ ನನ್ನ ಟೈಪಿಂಗ್ ಮೇಜಿಗೆ ಹೋಗುವುದರೊಳಗೆ ಎರಡು ಕಡೆ ನಿಲ್ಲುತ್ತಿದ್ದೆ. ಮಲಗಿದರೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತಿತ್ತು. ಇವರು ಅಲುಗಾಡಿಸಿ ಎಬ್ಬಿಸುತ್ತಿದ್ದರು. ಒಂಬತ್ತು ವರ್ಷದ ಮಗಳಿದ್ದಾಳೆ, ಅವಳಿಗೋಸ್ಕರ ಬದುಕಬೇಕು ಎಂದು ನಾನೇ ಹಟ ಹಿಡಿದು ಹೋದೆ. ಅತ್ತೆ ಮಾತ್ರ ಇನ್ನೂ ಸಿಟ್ಟಿನಲ್ಲಿದ್ದಾರೆ. ಚಲೋ ಇದ್ದ ಹೊಟ್ಟೆಯನ್ನು ಯಾರಾದರೂ ಕೊಯ್ಸಿಕೊಳ್ಳುತ್ತಾರೇನು ಎಂದು ಓಣಿಯ ಹೆಂಗಸರ ಮುಂದೆ ಹೇಳುವುದು ಕಿಟಕಿಯಿಂದ ಕೇಳಿಸಿತು.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಎಲ್ಲರಿಗೂ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ನನಗೆ ತೆಳು ಮಜ್ಜಿಗೆ. ಆಸೆಯಾಗಲಿಲ್ಲ. ಅದೇ ನನಗೆ ಗಾಬರಿ. ಹುಟ್ಟಿದಾಗಿನಿಂದ ನನ್ನ ಜೊತೆಗಿದ್ದ ಹಸಿವು ಎಲ್ಲಿ ಹೋಯಿತು?

ಫೆಬ್ರವರಿ ೯, ಭಾನುವಾರ

ಮೆತ್ತಗಿನ ಊಟ ಶುರುವಾಗಿದೆ. ಅರ್ಧ ಇಡ್ಲಿ, ಹೆಸರುಬೇಳೆ. ಬೆರಳ ತುದಿಯಷ್ಟು ತುತ್ತು, ನೀರಾಗುವ ತನಕ ಅಗಿಯಬೇಕು, ಆಮೇಲೆ ನುಂಗಬೇಕು. ಊಟದ ನಡುವೆ ನೀರು ಕುಡಿಯುವಂತಿಲ್ಲ. ಮಗಳು ಭುವನಾ ಎದುರಿಗೆ ಕುಳಿತು ನಾನು ಅಗಿಯುವುದನ್ನು ಜೋರಾಗಿ ಎಣಿಸುತ್ತಾಳೆ. ಅವಳಿಗೆ ಅದೊಂದು ಆಟ. ನಾನು ಬೇಗ ನುಂಗಿದರೆ ಕೈ ಹಿಡಿದು ನಿಲ್ಲಿಸುತ್ತಾಳೆ. ಅವಳು ಎಣಿಸುವಾಗ ನನಗೂ ಸ್ವಲ್ಪ ಧೈರ್ಯ. ಇವರು ರಾಣೆಬೆನ್ನೂರಿನ ಬೀಜದ ಅಂಗಡಿಯಿಂದ ಬಂದವರು ಬಾಗಿಲಲ್ಲೇ ನಿಂತು ನೋಡಿ ನಕ್ಕರು.

ಬಟ್ಟೆಗಳು ಸಡಿಲಾಗಿವೆ. ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಮೆಟ್ಟಿಲ ಮೇಲೆ ಎಲ್ಲಿಯೂ ನಿಲ್ಲಲಿಲ್ಲ.

ಫೆಬ್ರವರಿ ೨೬, ಬುಧವಾರ

ಶಿವರಾತ್ರಿ. ಎಲ್ಲರಿಗೂ ಉಪವಾಸ. ಇಡೀ ದಿನ ಯಾರೂ ನನಗೆ ‘ಉಣ್ಣು’ ಎನ್ನಲಿಲ್ಲ. ಇಷ್ಟು ಹಗುರಾದ ದಿನ ಈಚೆಗೆ ಬಂದಿರಲಿಲ್ಲ.

ಮಾರ್ಚ್ ೧೭, ಸೋಮವಾರ

ನಿನ್ನೆ ಬ್ಯಾಡಗಿಯ ನನ್ನ ತವರಿನಲ್ಲಿ ತಮ್ಮ ವಿಜಯಮಹಾಂತೇಶನ ಕೂಸಿಗೆ ಹೆಸರಿಡುವ ಕಾರ್ಯಕ್ರಮ. ಇವರಿಗೆ ಅಂಗಡಿ ಬಿಡಲಾಗಲಿಲ್ಲ, ಭುವನಾ ನಾನು ಇಬ್ಬರೇ ಹೋದೆವು. ಬಸ್ಸು ಇಳಿದ ಕೂಡಲೇ ಮೆಣಸಿನಕಾಯಿಯ ಘಾಟಿಗೆ ಸೀನು. ಸುಗ್ಗಿಯಲ್ಲಿ ಆ ಊರೇ ಹಾಗೆ. ನನ್ನನ್ನು ನೋಡಿದವರೆಲ್ಲ ಗುರುತು ಸಿಗಲಿಲ್ಲ ಎಂದರು. ಖುಷಿಯಾಯಿತು. ಆ ಖುಷಿಯಲ್ಲಿ ಪಂಕ್ತಿಗೆ ಕುಳಿತೆ.

ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. ತಿಂಗಳುಗಟ್ಟಲೆ ಮುಟ್ಟಿರಲಿಲ್ಲ. ಮೊದಲನೆಯ ತುತ್ತು ಸರಿಯಾಗಿ ಅಗಿದೆ. ಪಕ್ಕದವರ ಜೊತೆ ಮಾತಾಡುತ್ತ ಎರಡನೆಯದು, ಮೂರನೆಯದು ಹಾಗೇ ಹೋದವು. ಒಮ್ಮೆಲೆ ಎದೆಯ ನಡುವೆ ಯಾರೋ ಕಲ್ಲು ಇಟ್ಟಂತಾಯಿತು. ಕೆಳಗೆ ಇಳಿಯಲೊಲ್ಲದು, ಮೇಲೆ ಬರಲೊಲ್ಲದು. ಬಾಯಿ ತುಂಬ ನೊರೆನೊರೆ ಜೊಲ್ಲು. ಅದನ್ನೂ ನುಂಗಲಾಗದೆ ಸೆರಗಿನಲ್ಲಿ ಹಿಡಿದುಕೊಂಡು ಬಚ್ಚಲಿಗೆ ಓಡಿದೆ. ಗೋಡೆ ಹಿಡಿದು ನಿಂತು ಎಷ್ಟು ಹೊತ್ತು ಉಗುಳಿದೆನೋ. ಸತ್ತೇ ಹೋಗುತ್ತೇನೆ ಎನಿಸಿತು. ಬಾಯಿಂದ ಏನೇನು ಮಾತು ಬಂದವೋ ನೆನಪಿಲ್ಲ. ಕೊನೆಗೆ ಆ ಮುದ್ದೆ ಹೊರಗೆ ಬಂತು. ತಿರುಗಿ ನೋಡಿದರೆ ಬಾಗಿಲಲ್ಲಿ ಭುವನಾ ನಿಂತಿದ್ದಳು. ಕೈಯಲ್ಲಿ ಅರ್ಧ ರೊಟ್ಟಿ. ಹೋಗಿ ಉಣ್ಣು ಎಂದು ಗದರಿಸಿ ಕಳಿಸಿದೆ.

ಇವತ್ತು ದೀಪಾಲಿ ಮೇಡಂಗೆ ಫೋನ್ ಮಾಡಿದೆ. ಅವರು ಹೆದರಲಿಲ್ಲ. ಅಗಿಯದೆ ನುಂಗಿದ್ದಕ್ಕೆ ಹೀಗಾಗಿದೆ, ಉಸಿರಿನ ದಾರಿಯೇ ಬೇರೆ, ಅದಕ್ಕೇನೂ ಆಗುವುದಿಲ್ಲ, ಎರಡು ದಿನ ನೀರುಪದಾರ್ಥ ಕುಡಿದು ಮತ್ತೆ ಮೆತ್ತಗಿನದು ಶುರುಮಾಡಿ ಎಂದರು. ಹೂಂ ಎಂದೆ. ಎದೆಯಲ್ಲಿ ಕಲ್ಲು ಇದ್ದದ್ದು ಅವರಿಗಲ್ಲ. ಇನ್ನು ಈ ಜನ್ಮದಲ್ಲಿ ರೊಟ್ಟಿ ಮುಟ್ಟುವುದಿಲ್ಲ. ಅನ್ನವೂ ಬೇಡ.

ಏಪ್ರಿಲ್ ೪, ಶುಕ್ರವಾರ

ರಾಗಿ ಗಂಜಿ, ಚಹಾದಲ್ಲಿ ಅದ್ದಿದ ಬಿಸ್ಕೀಟು. ಇವೆರಡು ತಂಟೆಯಿಲ್ಲದೆ ಇಳಿಯುತ್ತವೆ. ದೀಪಾಲಿ ಮೇಡಂ ಪನೀರು, ಬೇಳೆ, ಕಾಳು ಎನ್ನುತ್ತಾರೆ. ಕಾಳನ್ನು ನೋಡಿದರೇ ಎದೆ ಬಿಗಿಯುತ್ತದೆ. ಅವರಿಗೆ ಫೋಟೊ ಕಳಿಸುವುದನ್ನು ಬಿಟ್ಟಿದ್ದೇನೆ. ಫೋನ್ ಬಂದರೆ ಕೋರ್ಟಿನಲ್ಲಿದ್ದೇನೆ ಎಂದು ಇಡುತ್ತೇನೆ.

ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ಆದರೂ ಕಚೇರಿಯಲ್ಲಿ ಎಲ್ಲರೂ ಹೊಗಳುವವರೇ.

ಭುವನಾಳ ಡಬ್ಬಿ ಇವತ್ತೂ ತುಂಬಿಕೊಂಡೇ ವಾಪಸು ಬಂತು. ಬಿಸಿಲಿಗೆ ಹಸಿವು ಕಡಿಮೆ ಇರಬೇಕು.

ಏಪ್ರಿಲ್ ೨೦, ಭಾನುವಾರ

ಶಾಲೆಗೆ ಸೂಟಿ. ಭುವನಾ ದಿನವಿಡೀ ಮನೆಯಲ್ಲಿ. ಒಂದು ವಿಷಯಕ್ಕೆ ಸಮಾಧಾನ: ಹುಡುಗಿ ಊಟದಲ್ಲಿ ಬಹಳ ಸಾವಕಾಶ ಕಲಿತಿದ್ದಾಳೆ. ಸಣ್ಣ ಸಣ್ಣ ತುತ್ತು ಮಾಡಿ ಬಾಯಲ್ಲಿ ಇಟ್ಟುಕೊಂಡು ಅಗಿಯುತ್ತಲೇ ಇರುತ್ತಾಳೆ. ಅವಳ ವಯಸ್ಸಿನಲ್ಲಿ ನಾನು ತಾಟು ಬಡಿದು ಇನ್ನೊಂದು ರೊಟ್ಟಿ ಕೇಳುತ್ತಿದ್ದೆ. ನನ್ನ ಗತಿ ಇವಳಿಗೆ ಬಾರದಿದ್ದರೆ ಸಾಕು. ಅತ್ತೆಗೆ ಇದೂ ತಪ್ಪು. ಕೂಸು ಏನೂ ಉಣ್ಣುವುದಿಲ್ಲ, ನೋಡು ಎಂದು ಗೊಣಗಿದರು. ಅವರಿಗೆ ಉಂಡದ್ದು ಎಂದೂ ಸಾಲುವುದಿಲ್ಲ.

ಕಳೆದ ದೀಪಾವಳಿಯ ಫ್ರಾಕು ಅವಳ ಹೆಗಲಿಂದ ಜಾರುತ್ತಿದೆ. ಎತ್ತರ ಬೆಳೆಯುತ್ತಿದ್ದಾಳೆ, ಅದಕ್ಕೇ ಹಾಗೆ ಕಾಣುತ್ತಾಳೆ.

ಬಾಗಿಲಿಗೆ ಬರುವ ಆಕಳು ಈಗ ಮೂರು ಹೊತ್ತೂ ಬಂದು ನಿಲ್ಲುತ್ತದೆ. ಭುವನಾ ಅದರ ಕೊರಳು ತುರಿಸುತ್ತ ನಿಂತಿರುತ್ತಾಳೆ.

ಮೇ ೧೧, ಭಾನುವಾರ

ರಾಣೆಬೆನ್ನೂರಿನಲ್ಲಿ ಇವರ ಅಂಗಡಿ ಪಕ್ಕದ ಉಡಚಪ್ಪನವರ ಮಗಳ ಮದುವೆ. ಬರಲೊಲ್ಲೆ ಎಂದಿದ್ದೆ. ಇವರು ಬಿಡಲಿಲ್ಲ. ಊಟದ ಮನೆಯ ಬಾಗಿಲಿಗೆ ಹೋದ ಕೂಡಲೇ ಹಿಂದೆ ಸರಿದೆ. ಬಡಿಸುವವರು, ಒತ್ತಾಯ ಮಾಡುವವರು, ಎಲ್ಲರ ಕಣ್ಣು ನನ್ನ ಮೇಲೆ. ಹೊಟ್ಟೆ ಕೆಟ್ಟಿದೆ ಎಂದು ಸುಳ್ಳು ಹೇಳಿ ಮೂಲೆಯಲ್ಲಿ ಕುಳಿತೆ. ಭುವನಾ ಬಂದು ನನ್ನ ಪಕ್ಕಕ್ಕೆ ಕುಳಿತಳು. ಉಡಚಪ್ಪನವರ ಹೆಂಡತಿ ಹೋಳಿಗೆ ಹಿಡಿದುಕೊಂಡು ಬಂದರೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, "ನಾನೂ ಒಲ್ಲೆರಿ. ನನಗ ಸಿಕ್ಕೊಂತೈತಿ" ಎಂದಳು.

ಸುತ್ತಲಿನವರು ನಕ್ಕರು. ತಾಯಿ ಡಾಯೆಟ್ಟು, ಮಗಳೂ ಡಾಯೆಟ್ಟು ಎಂದು ಯಾರೋ ಅಂದರು. ನನಗೆ ನಾಚಿಕೆಯಾಗಿ ಅವಳ ತೋಳು ಚಿವುಟಿದೆ. ಮಂದಿಯ ಮುಂದೆ ನನ್ನನ್ನು ಅಣಕಿಸಬಾರದು ಎಂದು ಬಸ್ಸಿನಲ್ಲಿ ಬೈದೆ. ಹಾವೇರಿ ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು ಹುಡುಗಿ.

ಜೂನ್ ೩, ಮಂಗಳವಾರ

ಶಾಲೆ ಶುರು. ಇವತ್ತು ಗಂಜಿ ಕೂಡ ಅರ್ಧಕ್ಕೇ ಬಿಟ್ಟೆ. ಕುರ್ಚಿಯಿಂದ ಎದ್ದರೆ ಕಣ್ಣಿಗೆ ಕತ್ತಲೆ.

ಜೂನ್ ೧೯, ಗುರುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಕೋರ್ಟಿಗೆ ಹೋಗಿ ಕುಳಿತಿದ್ದೆನಷ್ಟೇ, ಭುವನಾಳ ಟೀಚರ್ ಫೋನ್ ಮಾಡಿದರು. ಪ್ರಾರ್ಥನೆಯ ಸಾಲಿನಲ್ಲಿ ನಿಂತಲ್ಲೇ ಬಿದ್ದಿದ್ದಾಳೆ. ಆಟೋ ಹಿಡಿದು ಹೋದೆ. ಬೆಂಚಿನ ಮೇಲೆ ಮಲಗಿಸಿದ್ದರು. ಎತ್ತಿಕೊಂಡೆ. ಒಂಬತ್ತು ವರ್ಷದ ಹುಡುಗಿಯನ್ನು ನಾನು ಸಲೀಸಾಗಿ ಎತ್ತಿದೆ. ನನಗೆ ಬಲ ಬಂದಿದೆ ಎಂದಲ್ಲ. ಅವಳಲ್ಲಿ ಭಾರವೇ ಇರಲಿಲ್ಲ.

ಮಕ್ಕಳ ಡಾಕ್ಟರು ವಯಸ್ಸಾದವರು. ತೂಕ ನೋಡಿದರು. ಹೋದ ವರ್ಷ ಜ್ವರಕ್ಕೆ ಬಂದಾಗ ಇದ್ದದ್ದಕ್ಕಿಂತ ಕಡಿಮೆ. ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ಗಂಟಲು ನೋಡಿದರು, ಹೊಟ್ಟೆ ಒತ್ತಿದರು. ಏನೂ ಇಲ್ಲ. ಆಮೇಲೆ ಅವಳನ್ನು ಹತ್ತಿರ ಕೂರಿಸಿಕೊಂಡು ಯಾಕವ್ವಾ ಉಣ್ಣುವುದಿಲ್ಲ ಎಂದು ಕೇಳಿದರು. ಅವಳು ನನ್ನ ಕಡೆ ನೋಡಿದಳು. ಹೇಳಲೋ ಬೇಡವೋ ಎನ್ನುವ ಹಾಗೆ. ನಾನು ತಲೆಯಾಡಿಸಿದೆ.

"ಮಮ್ಮಿಗೆ ರೊಟ್ಟಿ ಸಿಕ್ಕೊಂಡಿತ್ರಿ" ಎಂದಳು. "ಬಾಯಾಗ ಬುರುಗು ಬರಾಕತ್ತಿತ್ತು. ‘ನಾ ಉಳಿಯಂಗಿಲ್ಲ, ನಾ ಉಳಿಯಂಗಿಲ್ಲ’ ಅಂದ್ಲು. ನಾ ಅವತ್ತು ಎಣಿಸಿರಲಿಲ್ರಿ. ಅಲ್ಲೇ ಹುಡುಗ್ಯಾರ ಜೋಡಿ ಆಡಾಕತ್ತಿದ್ದೆ."

ಡಾಕ್ಟರು ನಿನಗೂ ಹಾಗೆ ಆಗಿದೆಯೇನು ಎಂದು ಕೇಳಿದರು.

"ಆಗಿಲ್ರಿ. ಆಗತೈತಿ ಅಂತ ಅಂಜಿಕಿ. ನುಂಗಾಕ ಹೋದ್ರ ಇಲ್ಲಿ ಮುಚ್ಕೊಂತೈತಿ." ಎದೆಯ ನಡುವೆ ಬೆರಳಿಟ್ಟು ತೋರಿಸಿದಳು. ಬ್ಯಾಡಗಿಯಲ್ಲಿ ನನಗೆ ಕಲ್ಲು ಇಟ್ಟಂತಾದ ಜಾಗವೇ.

ಸಲೈನ್ ಹಚ್ಚಿ ಸಂಜೆ ಮನೆಗೆ ಕಳಿಸಿದರು. ಇವರು ರಾಣೆಬೆನ್ನೂರಿನಿಂದ ಓಡಿ ಬಂದರು. ಮಗಳ ಕಾಲ ಹತ್ತಿರ ಕುಳಿತು ಅಂಗಾಲು ತಿಕ್ಕುತ್ತಿದ್ದರು. ಬೈದಿದ್ದರೆ ಚಲೋ ಇತ್ತು.

ಜೂನ್ ೨೦, ಶುಕ್ರವಾರ

ಅತ್ತೆ ಇವತ್ತು ಹೇಳಿದರು. ಭುವನಾ ತಾಟಿನಲ್ಲಿದ್ದದ್ದನ್ನು ಆಕಳಿಗೆ ಹಾಕುವುದನ್ನು ಅವರು ಸೂಟಿಯಲ್ಲೇ ಕಂಡಿದ್ದರಂತೆ. ಕೇಳಿದರೆ, ಮಮ್ಮಿಗೆ ಹೇಳಬೇಡ, ಆಕೆಗೆ ಆರಾಮಿಲ್ಲ ಎಂದು ಹುಡುಗಿ ಅವರ ಕೈ ಹಿಡಿದುಕೊಂಡಳಂತೆ. ಮೊಮ್ಮಗಳ ಮಾತಿಗೆ ಕಟ್ಟುಬಿದ್ದು, ಕೂಸು ಉಣ್ಣುವುದಿಲ್ಲ ಎಂದು ಮಾತ್ರ ನನಗೆ ಮತ್ತೆ ಮತ್ತೆ ಹೇಳಿದ್ದರು. ನಾನು ಕೇಳಿರಲಿಲ್ಲ.

ಅತ್ತೆ ಇಷ್ಟು ಮೆತ್ತಗೆ ಮಾತಾಡಿದ್ದು ಇದೇ ಮೊದಲು. "ಸುರೇಖಾ, ಆಕಿ ನನ್ನ ಮಾತಿಗಿ ಉಣ್ಣಂಗಿಲ್ಲ, ಡಾಕ್ಟರ ಮಾತಿಗೂ ಉಣ್ಣಂಗಿಲ್ಲ. ಆಕಿ ನಿನ್ನ ಬಾಯಿ ನೋಡಾಕತ್ತಾಳ."

ಹೊಲಿಗೆ ಬಿಚ್ಚುತ್ತದೆಂದು ಹೆದರಿದೆ. ತುತ್ತು ಸಿಗುತ್ತದೆಂದು ಹೆದರಿದೆ. ಅವೆಲ್ಲ ಅಂಜಿಕೆಯೇ ಅಲ್ಲ. ಇದು ಅಂಜಿಕೆ.

ಜೂನ್ ೨೪, ಮಂಗಳವಾರ

ನಿನ್ನೆ ಹುಬ್ಬಳ್ಳಿಗೆ ಹೋಗಿದ್ದೆವು, ಮೂವರೂ. ನನ್ನ ಬಾಯಿಯ ಮೂಲಕ ಕ್ಯಾಮೆರಾ ಬಿಟ್ಟು ನೋಡಿದರು. ಚೀಲ ಚೆನ್ನಾಗಿ ಮಾಯ್ದಿದೆ, ಎಲ್ಲಿಯೂ ದಾರಿ ಕಿರಿದಾಗಿಲ್ಲ. ನನ್ನ ಹೊಟ್ಟೆ ರೊಟ್ಟಿಯನ್ನೂ ಅನ್ನವನ್ನೂ ತಡೆದುಕೊಳ್ಳುತ್ತದಂತೆ, ಯಾವಾಗಲೋ ತಯಾರಾಗಿತ್ತಂತೆ. ರಕ್ತದಲ್ಲಿ ಮಾತ್ರ ಸತ್ವವೇ ಇಲ್ಲ. ಇಂಜೆಕ್ಷನ್, ಗುಳಿಗೆ ಕೊಟ್ಟರು. ದೀಪಾಲಿ ಮೇಡಂ ಮುಂದೆ ಬಿಸ್ಕೀಟಿನ ವಿಷಯ ಒಪ್ಪಿಕೊಂಡೆ. ಬೈಯಲಿಲ್ಲ. ಜಾರಿ ಹೋಗುವುದನ್ನೇ ತಿನ್ನುತ್ತ ಹೋದರೆ ಅಂಜಿಕೆಯೂ ಬೆಳೆಯುತ್ತದೆ, ಮೈಯೂ ಸೋಲುತ್ತದೆ, ನಿಮ್ಮ ಹಾಗೆ ಮಾಡುವವರು ಬಹಳ ಮಂದಿ ಇದ್ದಾರೆ ಎಂದರು.

ಅಲ್ಲಿಯೇ ಮಕ್ಕಳ ಮನಸ್ಸು ನೋಡುವ ಡಾಕ್ಟರು ಭುವನಾಳ ಜೊತೆ ಬಹಳ ಹೊತ್ತು ಕುಳಿತರು. ಒತ್ತಾಯ ಬೇಡ, ಆಸೆ ತೋರಿಸುವುದು ಬೇಡ, ಅವಳಿಗೆ ಕಾಣುವ ಹಾಗೆ ಕುಳಿತು ನೀವು ಊಟ ಮಾಡಿ, ಸದ್ಯಕ್ಕೆ ಅವಳು ಹಾಲು, ಗಂಜಿ ಕುಡಿದರೂ ಸರಿ, ವಾರಕ್ಕೊಮ್ಮೆ ಕರೆತನ್ನಿ ಎಂದರು. ರೈಲಿನಲ್ಲಿ ಅವಳು ನನ್ನ ತೊಡೆಯ ಮೇಲೆ ಮಲಗಿದಳು. ನನ್ನ ತೊಡೆಗೂ ಈಗ ಎಲುಬು ಬಂದಿವೆ. ಅವಳಿಗೆ ಚುಚ್ಚಿತೋ ಏನೋ, ತಲೆ ಸರಿಸಿ ಸರಿಸಿ ಮಲಗಿದಳು.

ಜೂನ್ ೨೯, ಭಾನುವಾರ

ಸೋತೆ.

ಅನ್ನ, ಬೇಳೆಸಾರು. ಅವಳ ಎದುರಿಗೆ ಕುಳಿತು ಹುಮ್ಮಸ್ಸಿನಿಂದ ಕಲಸಿದೆ. ರುಚಿಯಾಗಿದೆ ಎಂದು ನಗುತ್ತ ಬಾಯಿಗಿಟ್ಟೆ. ನನ್ನ ಮಟ್ಟಿಗೆ ಚೆನ್ನಾಗಿಯೇ ನಟಿಸುತ್ತಿದ್ದೆ. ಭುವನಾ ನನ್ನ ಮುಖವನ್ನಲ್ಲ, ಕೈಯನ್ನು ನೋಡುತ್ತಿದ್ದಳು.

"ನಿನ್ನ ಕೈ ನಡಗಾಕತ್ತೈತಿ ಮಮ್ಮಿ. ಸುಳ್ಳ ನಗಾಕತ್ತಿ" ಎಂದು ತಾಟು ದೂಡಿ ಎದ್ದು ಹೋದಳು.

ಇವರು ಅವಳ ಹಿಂದೆ ಹೋದರು. ನಾನು ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕುಳಿತಿದ್ದೆ. ಅತ್ತೆ ಹಿತ್ತಲಿಗೆ ಹೋಗಿಬಿಟ್ಟರು, ನಾನು ಏನು ಮಾಡುತ್ತೇನೆಂದು ನೋಡಬಾರದೆಂದು.

ನುಂಗಿದೆ. ಇಳಿಯಿತು. ನೋಡಲು ಯಾರೂ ಇರಲಿಲ್ಲ.

ಜುಲೈ ೨, ಬುಧವಾರ

ಭುವನಾ ಅರ್ಧ ಲೋಟ ಹಾಲು. ನಾನು ನಾಲ್ಕು ತುತ್ತು ಬೇಳೆ ಅನ್ನ, ಒಬ್ಬಳೇ, ಮೊದಲು ಅಭ್ಯಾಸವಾಗಲಿ ಎಂದು. ಪ್ರತಿ ತುತ್ತಿಗೂ ಎದೆ ಡವಡವ.

ಜುಲೈ ೬, ಭಾನುವಾರ

ಜಿಟಿಜಿಟಿ ಮಳೆ. ಇವರು ಅಂಗಡಿಗೆ ಹೋಗದೆ ಮನೆಯಲ್ಲೇ ಉಳಿದಿದ್ದರು. ಮಧ್ಯಾಹ್ನ ಅತ್ತೆ ಮುಟಗಿ ಮಾಡಿದರು. ಹಂಚಿನಿಂದ ತೆಗೆದ ದಪ್ಪ ರೊಟ್ಟಿಯನ್ನು ಬಿಸಿಯಿರುವಾಗಲೇ ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಒಂದು ಒಣ ಮೆಣಸಿನಕಾಯಿ ಹಾಕಿ ಒರಳಿನಲ್ಲಿ ಕುಟ್ಟಿ, ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿದರು. ಯಾರನ್ನೂ ಕರೆಯಲಿಲ್ಲ. ವಾಸನೆಗೆ ಎಲ್ಲರೂ ತಾವಾಗಿಯೇ ಅಡಿಗೆಮನೆಗೆ ಬಂದು ಕುಳಿತೆವು. ಭುವನಾಳ ತಾಟಿನಲ್ಲೂ ಒಂದು ಸಣ್ಣ ಉಂಡೆ ಇಟ್ಟರು. ಅವಳು ಮುಟ್ಟಲಿಲ್ಲ. ಕೈ ಕಟ್ಟಿಕೊಂಡು ನನ್ನ ಮುಖವನ್ನೇ ನೋಡುತ್ತ ಕುಳಿತಳು.

ನಾನು ನಗಲಿಲ್ಲ. ಕಡಲೆಕಾಳಿನಷ್ಟು ಮುರಿದು ಬಾಯಿಗಿಟ್ಟು ಅಗಿದೆ. ಇಳಿಯಿತು. ಇನ್ನೊಂದು. ಅದೂ ಇಳಿಯಿತು. ಮೂರನೆಯದು ಎದೆಯ ನಡುವೆ ನಿಂತಿತು. ಬ್ಯಾಡಗಿಯ ಹಾಗಲ್ಲ, ಆದರೆ ನಿಂತಿತು. ಬಾಯಲ್ಲಿ ಜೊಲ್ಲು ತುಂಬಿತು. ಎದ್ದು ಬಚ್ಚಲಿಗೆ ಓಡಬೇಕೆಂದು ಕಾಲು ತಾವಾಗಿಯೇ ಮಡಚಿಕೊಂಡವು. ಇವರು ನೀರಿನ ತಂಬಿಗೆಗೆ ಕೈ ಹಾಕಿದರು. ಭುವನಾಳ ಮುಖ ಬಿಳಿಚಿತು.

ಓಡಿದರೆ ಅವಳು ಇನ್ನೆಂದೂ ಉಣ್ಣುವುದಿಲ್ಲ. ಏನೂ ಆಗಿಲ್ಲ ಎಂದರೆ ನಂಬುವುದಿಲ್ಲ. ಎರಡೂ ಗೊತ್ತಿತ್ತು. ಅದಕ್ಕೇ ಇದ್ದದ್ದನ್ನೇ ಹೇಳಿದೆ.

"ಇಲ್ಲಿ ನಿಂತೈತಿ ಭುವಿ. ನನಗ ಅಂಜಿಕಿ ಬಂದೈತಿ. ಆದ್ರ ನಾ ಸಾಯಂಗಿಲ್ಲ. ಉಸಿರಾಡಾಕತ್ತೇನಿ, ನೋಡು. ಸುಮ್ನ ಕುಂದ್ರೂಣು, ಅದು ಹೋಗತೈತಿ."

ಅವಳು ಹತ್ತಿರ ಸರಿದು ನನ್ನ ಎದೆಯ ಮೇಲೆ ಅಂಗೈ ಇಟ್ಟಳು. ಉಸಿರು ಹೋಗಿ ಬರುವುದನ್ನು ನೋಡಿಕೊಳ್ಳುವ ಹಾಗೆ. ಹಂಚಿನ ಮೇಲೆ ಅತ್ತೆ ಹಾಕಿದ್ದ ರೊಟ್ಟಿ ಸೀದು ಹೊಗೆ ಬಂದರೂ ಅವರು ತಿರುಗಲಿಲ್ಲ. ಎಷ್ಟು ಹೊತ್ತಾಯಿತೋ ತಿಳಿಯದು. ಕೊನೆಗೆ ಒಳಗೆ ಏನೋ ಮೆಲ್ಲಗೆ ಸಡಿಲಾಯಿತು, ಕೆಳಗೆ ಜಾರಿತು. ಹೋಯಿತು ಎಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅದನ್ನೂ ಒರೆಸಿಕೊಳ್ಳಲಿಲ್ಲ.

ಅವಳು ಖರೇನಾ ಎಂದು ಕೇಳಿದಳು. ಖರೇ ಎಂದೆ. ಇನ್ನೂ ಅಂಜಿಕೆ ಇದೆಯಾ ಎಂದು ಕೇಳಿದಳು. ಇದೆ ಎಂದೆ. ಮತ್ತೆ ಒಂದು ಚೂರು ಮುರಿದುಕೊಂಡೆ.

ಭುವನಾ ನನ್ನ ಮುಖ ನೋಡುವುದನ್ನು ಬಿಟ್ಟು ತನ್ನ ತಾಟಿನ ಕಡೆ ನೋಡಿದಳು. ಉಂಡೆಯ ಅಂಚನ್ನು ಉಗುರಿನಿಂದ ಕಿತ್ತು ನಾಲಿಗೆಯ ಮೇಲಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು. ಕಣ್ಣು ಮುಚ್ಚಿ ನುಂಗಿದಳು. ಕಣ್ಣು ತೆರೆದು ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ತಾಟನ್ನು ಅತ್ತೆಯ ಕಡೆಗೆ ಸರಿಸಿ ಹೇಳಿದಳು:

"ಅಜ್ಜಿ, ಭಾಳ ಖಾರ ಆಗೇತಿ. ತುಪ್ಪ ಹಾಕು."